ಕಿಸಾನ್ ಸಮ್ಮಾನ್ ಕಂತು ನಿಂತ್ರ ಮನಿಯಾಕಿ ಹೆಸರಿಗೆ ಹೊಸ ಅರ್ಜಿ ಹಾಕಬ್ಯಾಡ್ರಿ

ಸಿಂಧನೂರಿನ ಅಣ್ಣಾರ, ಸ್ವಲ್ಪ ತಡೀರಿ. ರೈತರಿಗೆ ಕೇಂದ್ರ ಸರ್ಕಾರ ಕೊಡೋ ಪಿಎಂ ಕಿಸಾನ್ ಸಮ್ಮಾನ್ ಕಂತು ಬಂದಿಲ್ಲಂತ ಇ-ಕೆವೈಸಿ (ಆಧಾರ್ ಗುರುತಿನ ತಪಾಸಣೆ) ಮತ್ತ ಮತ್ತ ಮಾಡಿಸೀರಿ, ಈಗ ನೆಟ್ ಅಂಗಡಿಯವ ಹೇಳಿದಾ ಅಂತ ಮನಿಯಾಕಿ ಹೆಸರಿಗೆ ಹೊಸ ಅರ್ಜಿ ಹಾಕಾಕ ಹೊಂಟೀರಿ. ನೀವು ಈ ಗ್ರೂಪಿಗೆ ಹಾಕಿದ ಪಿಎಂ ಕಿಸಾನ್ ಸ್ಟೇಟಸ್ ಫೋಟೋ ನೀವ ನೋಡ್ರಿ. ಲ್ಯಾಂಡ್ ಸೀಡಿಂಗ್ (ಹೊಲದ ದಾಖಲೆ ಜೋಡಣೆ) ಯೆಸ್, ಇ-ಕೆವೈಸಿ ಯೆಸ್, ಆಧಾರ್ ಬ್ಯಾಂಕ್ ಸೀಡಿಂಗ್ (ಆಧಾರ್ ಮ್ಯಾಲೆ ರೊಕ್ಕ ಬೀಳೋ ಬ್ಯಾಂಕಿನ ಜೋಡಣೆ) ನೋ. ಹೆಬ್ಬಟ್ಟು ಎಷ್ಟು ಸಲ ಒತ್ತಿದ್ರೂ ಆ ನೋ ಬದಲಾಗಂಗಿಲ್ಲ.

ನಮ್ಮವ್ವನ ಕಂತೂ ಹಿಂಗ ನಿಂತಿತ್ತು. ಬ್ಯಾಂಕಿಗೆ ಹೋದಾಗೆಲ್ಲ "ಆಧಾರ್ ಲಿಂಕ್ ಐತಿ, ಹೋಗವ್ವ" ಅಂತ ಕಳಿಸ್ತಿದ್ರು. ಅವರು ಹೇಳಿದ್ದು ಸುಳ್ಳಲ್ಲ, ಆದ್ರ ಖಾತೆಗೆ ಆಧಾರ್ ಜೋಡಸೋದು ಬ್ಯಾರೆ, ಸರ್ಕಾರದ ರೊಕ್ಕ ಯಾವ ಬ್ಯಾಂಕಿಗೆ ಬೀಳಬೇಕಂತ ದೇಶದ ಪೇಮೆಂಟ್ ಸಂಸ್ಥೆ ಪಟ್ಟ್ಯಾಗ ಬರಸೋ ಎನ್‌ಪಿಸಿಐ ಮ್ಯಾಪಿಂಗ್ ಬ್ಯಾರೆ. ಮ್ಯಾಪಿಂಗ್ ಒಂದು ಆಧಾರ್‌ಗೆ ಒಂದ ಬ್ಯಾಂಕ್. ಅವ್ವಂದು ಉದ್ಯೋಗ ಖಾತ್ರಿ ಕೂಲಿಗಂತ ಯಾವಾಗೋ ತೆಗೆದ ಹಳೇ ಖಾತೇಕ ಇತ್ತು, ಆ ಖಾತೆ ವಹಿವಾಟಿಲ್ಲದ ಬಂದಾಗಿತ್ತು. ಆಧಾರ್ ವೆಬ್‌ಸೈಟಿನ್ಯಾಗ ಓಟಿಪಿ ಹಾಕಿ ಒಳಗ ಹೋದ್ರ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಐತಿ, ಯಾವ ಬ್ಯಾಂಕು, ಆ್ಯಕ್ಟಿವ್ ಐತೋ ಇಲ್ಲೋ ತೋರಸ್ತೈತಿ. ಮೊದಲು ಅದನ್ನ ನೋಡ್ರಿ. ಆಮ್ಯಾಲೆ ಬ್ಯಾಂಕಿನ್ಯಾಗ "ಲಿಂಕ್ ಮಾಡ್ರಿ" ಅನ್ನಬ್ಯಾಡ್ರಿ, "ಡಿಬಿಟಿಗೆ (ಸರ್ಕಾರದ ರೊಕ್ಕ ನೇರ ಖಾತೇಕ ಬರಾಕ) ಎನ್‌ಪಿಸಿಐ ಮ್ಯಾಪಿಂಗ್ ಮಾಡ್ರಿ" ಅಂತ ಒಪ್ಪಿಗೆ ಫಾರ್ಮ್ ಕೊಟ್ಟು ಜೆರಾಕ್ಸ್ ಮ್ಯಾಲೆ ಸೀಲ್ ಹಾಕಿಸಿಕೊಳ್ರಿ. ನಮ್ಮವ್ವಗ ತಡೆದಿದ್ದ ಕಂತೂ ಸೇರಿ ಬಂತು.

ನನ್ನ ಕೇಳಿದ್ರ ವಯಸ್ಸಾದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ಚಲೋ, ಪೋಸ್ಟ್‌ಮನ್ ಮನಿಗೇ ಬಂದು ರೊಕ್ಕ ಕೊಡ್ತಾನ. ಆದ್ರ ಮ್ಯಾಪಿಂಗ್ ಬದಲಿಸಿದ್ರ ಗೃಹಲಕ್ಷ್ಮಿಯಂಥ ಆಧಾರ್ ಮ್ಯಾಲೆ ಬರೋ ರೊಕ್ಕಾನೂ ಅಲ್ಲಿಗೇ ತಿರುಗತೈತಿ, ಮನ್ಯಾಗ ಹೇಳಿರ್ರಿ. ಸಿಮ್ ಅಂಗಡ್ಯಾಗ ಕೇಳಿದಲ್ಲೆಲ್ಲಾ ಹೆಬ್ಬಟ್ಟು ಒತ್ತಬ್ಯಾಡ್ರಿ, ನಿಮ್ಮ ಹೆಸರಿಗೆ ಹೊಸ ಖಾತೆ ತೆರೆದು ಮ್ಯಾಪಿಂಗ್ ಅವರ ಕಡೆ ಎಳಕೊಂಡ್ರ ನಿಮಗ ಗೊತ್ತಾಗಂಗಿಲ್ಲ.

ಇನ್ನ ಮನಿಯಾಕಿ ಅರ್ಜಿ. ಗಂಡ, ಹೆಂಡತಿ, 18 ತುಂಬದ ಮಕ್ಕಳು ಕೂಡಿ ಒಂದ ಕುಟುಂಬ. ವರ್ಷಕ್ಕ 6000, ನಾಕು ತಿಂಗಳಿಗೊಮ್ಮೆ 2000, ಅದೂ ಒಬ್ಬರಿಗೇ. ಇಬ್ಬರೂ ತಗೊಂಡ್ರ ನಾಳೆ ವಸೂಲಿಗೆ ಬರ್ತಾರ. ಅದಕ್ಕಂತ ಹೊಲ ಆಕಿ ಹೆಸರಿಗೆ ಮಾಡೋರೂ ಅದಾರ, ದಯವಿಟ್ಟು ಬ್ಯಾಡ್ರಿ. 2019ರ ಫೆಬ್ರವರಿ 1ರ ನಂತರ ಹೆಸರು ಬದಲಾದ ಹೊಲಕ್ಕ ಈ ರೊಕ್ಕ ಇಲ್ಲ, ವಾರಸಾ ಆಗಿದ್ರ ಅಷ್ಟ ಐತಿ.

ನಾಟಿ ಮಾಡಿ, ಹತ್ತಿ ಬಿಡಿಸಿ ಬೆರಳ ಗೆರಿ ಸವೆದವರಿಗೆ ಮಂತ್ರ ಕಂಪನೀದಿರಲಿ ಮಾರ್ಫೋ ಕಂಪನೀದಿರಲಿ, ಹೆಬ್ಬಟ್ಟಿನ ಮಷಿನ್ ಹಿಡಿಯಂಗಿಲ್ಲ. ಅಂಥವರು ಪಿಎಂ ಕಿಸಾನ್ ಆ್ಯಪಿನ್ಯಾಗ ಮುಖ ತೋರಿಸಿ ಕೆವೈಸಿ ಮುಗಿಸ್ರಿ. ಆ್ಯಪ್ ಪ್ಲೇ ಸ್ಟೋರ್‌ನಾಗ ಅಷ್ಟ ತಗೋರಿ. ನಿನ್ನೆ ಯಾರೋ ಇದ ಗ್ರೂಪಿಗೆ ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆ್ಯಪ್ ಹಾಕೋ) ಫೈಲ್ ಕಳಿಸ್ಯಾರ, ಓದಿದವರೂ ಫಾರ್ವರ್ಡ್ ಮಾಡ್ಯಾರ! ಅದನ್ನ ಒತ್ತಿದ್ರ ಖಾತೆ ಖಾಲಿ. ಅಣ್ಣಾರ, ನಿಮ್ಮ ಪಾಸ್‌ಬುಕ್ ಫೋಟೋನೂ ಗ್ರೂಪಿನಿಂದ ಈಗಲೇ ಅಳಿಸ್ರಿ.

ಹಂಗ ರೈತ ಸಂಪರ್ಕ ಕೇಂದ್ರದಾಗ ರೈತರ ಗುರುತಿನ ನಂಬರ್ ಎಫ್‌ಐಡಿ ತೆಗೆಸಿ ನೋಡ್ರಿ, ಎಲ್ಲಾ ಸರ್ವೆ ನಂಬರ್ ಅದಾವೋ ಇಲ್ಲೋ. ಬಿಟ್ಟುಹೋದ ಹೊಲಕ್ಕ ಬೆಳೆ ಪರಿಹಾರಾನೂ ಬರಂಗಿಲ್ಲ, ಬೆಂಬಲ ಬೆಲೆಗೆ ತೊಗರಿ ಕೊಡಾಕೂ ತೊಡಕಾಗತೈತಿ. ಪಹಣ್ಯಾಗ ಇನ್ನೂ ತೀರಿಕೊಂಡ ಅಪ್ಪನ ಹೆಸರ ಇದ್ರ ಮೊದಲು ನಾಡಕಚೇರ್ಯಾಗ ಪೌತಿ ಖಾತೆಗೆ (ವಾರಸದಾರರ ಹೆಸರಿಗೆ ಹೊಲ ಬದಲಿಸಾಕ) ಕೊಡ್ರಿ, ಉಳಿದದ್ದೆಲ್ಲಾ ಆಮ್ಯಾಲೆ.