ಹೆಣ್ಣು ಹಕ್ಕಿ ಹಾರಿ ಹೋಗುತ್ತಿಲ್ಲ ಅಂದರೆ ನಿಮಗೆ ಒಗ್ಗಿಕೊಂಡಿದೆ ಅಂತಲ್ಲ

"ಆಸ್ಪ್ರೇ ಜೋಡಿ ಗೂಡು ಕಟ್ಟಿ ಮರಿ ಮಾಡಿದೆ. ಹೆಣ್ಣು ನನ್ನನ್ನು ಕಂಡು ಹಾರುತ್ತಿಲ್ಲ, ಒಗ್ಗಿಕೊಂಡಿದೆ ಅನ್ನಿಸುತ್ತೆ. ಫೋಟೋಗೆ ಇನ್ನೂ ಹತ್ತಿರ ಹೋಗಲಾ, ಇಲ್ಲಾ ಇರುವ 400 ಮಿ.ಮೀ. ಬಿಟ್ಟು 600 ಮಿ.ಮೀ. ಲೆನ್ಸ್ ತಗೊಳ್ಳಲಾ?" ಅಂತ ಕೇಳಿದ್ದೀರಿ. ಆಸ್ಪ್ರೇ ಅಂದರೆ ಮೀನು ಹಿಡಿದು ಬದುಕುವ ದೊಡ್ಡ ಬೇಟೆ ಹಕ್ಕಿ. ಆ ನಡುವಿನ ಮಾತು, "ಹಾರುತ್ತಿಲ್ಲ, ಒಗ್ಗಿಕೊಂಡಿದೆ" ಅನ್ನೋದು, ಓದಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ನಾಲ್ಕು ವರ್ಷದ ಹಿಂದೆ ನಾನೂ ಅದನ್ನೇ ಹೇಳಿದ್ದೆ. ಲೆನ್ಸಿನ ಮಾತು ಆಮೇಲೆ.

ನಾನು ನೋಡುತ್ತಿದ್ದ ಜೋಡಿ ಒಂದು ಸರೋವರದ ಅಂಚಿನಲ್ಲಿ, ಒಣಗಿದ ಮರದ ನೆತ್ತಿಯ ಮೇಲೆ ಗೂಡು ಕಟ್ಟಿತ್ತು. ಮೊದಲ ವರ್ಷ ನಾನು ಆಚೆ ದಡದಲ್ಲಿ ಕೂರುತ್ತಿದ್ದೆ. ಸುಮಾರು 250 ಮೀಟರ್ ದೂರ. ಒಂದು ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ಸಣ್ಣ ದೂರದರ್ಶಕ), ಒಂದು ನೋಟ್‌ಬುಕ್, ಅಷ್ಟೇ. ಆ ವರ್ಷ ಕಲಿತಷ್ಟು ಆಮೇಲೆ ಯಾವ ವರ್ಷವೂ ಕಲಿಯಲಿಲ್ಲ. ಹೆಣ್ಣು ಗಂಡಿಗಿಂತ ಸ್ವಲ್ಪ ದೊಡ್ಡದು, ಎದೆಯ ಮೇಲೆ ಕಂದು ಚುಕ್ಕೆಗಳ ಪಟ್ಟಿ ಎದ್ದು ಕಾಣುತ್ತಿತ್ತು. ಗಂಡಿನ ಎದೆ ಹೆಚ್ಚುಕಮ್ಮಿ ಪೂರ್ತಿ ಬಿಳಿ. ಮೂರು ಮೊಟ್ಟೆ. ಐದು ವಾರಕ್ಕಿಂತ ಜಾಸ್ತಿ ಕಾವು. ಕಾವು ಕೂರುವ ಕೆಲಸ ಬಹುಪಾಲು ಹೆಣ್ಣಿನದು, ಮೀನು ತರುವ ಕೆಲಸ ಗಂಡಿನದು. ಮೀನು ಹಿಡಿದ ಮೇಲೆ ಅದು ನೇರ ಗೂಡಿಗೆ ಬರುತ್ತಿರಲಿಲ್ಲ. ಪಕ್ಕದ ಮರದಲ್ಲಿ ಕೂತು ತಲೆಯ ಭಾಗ ತಾನು ತಿಂದು, ಉಳಿದದ್ದನ್ನು ತರುತ್ತಿತ್ತು. ಬಂದ ಹೊತ್ತನ್ನೆಲ್ಲ ಬರೆದಿಟ್ಟೆ. ಮರಿಗಳು ಸಣ್ಣವಿದ್ದಾಗ ದಿನಕ್ಕೆ ನಾಲ್ಕೈದು ಸಲ, ಮೊದಲ ಮೀನು ಬೆಳಿಗ್ಗೆ ಆರೂವರೆಯ ಒಳಗೆ. ಮೂರು ಮರಿಗಳೂ ಹಾರಿದವು.

ಫೋಟೋಗಳು ಮಾತ್ರ ಒಂದೂ ಚೆನ್ನಾಗಿರಲಿಲ್ಲ. ಹಕ್ಕಿ ಬೆರಳಿನ ಉಗುರಿನಷ್ಟು, ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುಣಿದು ಎಲ್ಲ ಮಸುಕು.

ಎರಡನೇ ವರ್ಷ ಅದೇ ಜೋಡಿ ಅದೇ ಗೂಡಿಗೆ ಬಂತು. ಹಳೆ ಗೂಡಿನ ಮೇಲೇ ಹೊಸ ಕಡ್ಡಿ ಪೇರಿಸಿದವು. ಈ ಸಲ ಫೋಟೋ ಬೇಕೇ ಬೇಕು ಅಂತ ನಿರ್ಧರಿಸಿದ್ದೆ. ಮರಿಗಳಿಗೆ ಒಂದು ವಾರ ಆಗಿದ್ದಾಗ ಗೂಡಿನಿಂದ 60 ಮೀಟರಿನಲ್ಲಿ ಹೈಡ್, ಅಂದರೆ ಅಡಗಿ ಕೂರುವ ಮರೆ, ಹಾಕಿದೆ. ಮಣ್ಣಿನ ಬಣ್ಣದ ಬಟ್ಟೆ, ಮೇಲೆ ಸೊಪ್ಪು. ಬೆಳಕು ಹರಿಯುವ ಮುಂಚೆ ಒಳಗೆ ಸೇರಿದೆ. ಎಲ್ಲ ಎಚ್ಚರಿಕೆ ತಗೊಂಡಿದ್ದೇನೆ ಅಂತ ನಂಬಿದ್ದೆ. ಹೆಣ್ಣು ತಲೆ ಎತ್ತಿ ನನ್ನ ಕಡೆ ನೋಡಿತು. ನಾಲ್ಕು ಸಲ ಚಿಕ್ಕದಾಗಿ ಕೂಗಿತು. ಆಮೇಲೆ ಮೈ ಚಪ್ಪಟೆ ಮಾಡಿಕೊಂಡು ಗೂಡಿನಲ್ಲಿ ಅಂಟಿ ಕೂತಿತು. ಹಾರಲಿಲ್ಲ. ನನ್ನ ಖುಷಿಗೆ ಮಿತಿಯೇ ಇರಲಿಲ್ಲ.

ಇಲ್ಲಿಯೇ ನನ್ನ ತಪ್ಪು ಇರೋದು. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದರೂ ನನಗೆ ಸಾಕಾಗಲ್ಲ, ಹಾಗಾಗಿ ನಿಮಗೂ ನಿಧಾನಕ್ಕೇ ಹೇಳುತ್ತೇನೆ.

ಹೆಣ್ಣು ಯಾಕೆ ಹಾರಲಿಲ್ಲ? ಹಾರುವ ಹಾಗಿರಲಿಲ್ಲ. ಮೊದಲ ಹತ್ತು ದಿನ ಮರಿಗಳಿಗೆ ತಮ್ಮ ಮೈ ಬಿಸಿ ತಾವೇ ಕಾಪಾಡಿಕೊಳ್ಳೋಕೆ ಬರೋದಿಲ್ಲ. ಚಳಿಯಲ್ಲಿ ತಾಯಿ ಮೈಯಡಿ ಇಟ್ಟುಕೊಳ್ಳಬೇಕು, ಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ನೆರಳು ಮಾಡಬೇಕು. ಎದ್ದರೆ ಕಾಗೆ ಬರುತ್ತದೆ. ಅದನ್ನು ಗೂಡಿಗೆ ಕಟ್ಟಿಹಾಕಿದಂತೆಯೇ. ಮೈ ಚಪ್ಪಟೆ ಮಾಡಿ ಕೂತದ್ದು ಹೆದರಿಕೆಗೆ. ನಾನು ಅದನ್ನು ಒಪ್ಪಿಗೆ ಅಂತ ಓದಿಕೊಂಡೆ.

ಆದರೆ ಅಷ್ಟೇ ಅಲ್ಲ. ಆ ಜೋಡಿಯಲ್ಲಿ ಕಟ್ಟಿಹಾಕದೆ ಇದ್ದ ಹಕ್ಕಿ ಇನ್ನೊಂದಿತ್ತು, ಗಂಡು. ಗೂಡಿಗೆ ಬರೋದೋ ಬಿಡೋದೋ ಅದರ ಇಷ್ಟ. ನಾನು ಹತ್ತಿರ ಇರೋದು ಸರಿಯೋ ತಪ್ಪೋ ಅಂತ ತಿಳಿಯಬೇಕಾದರೆ ನೋಡಬೇಕಾಗಿದ್ದದ್ದು ಗಂಡನ್ನು. ನನ್ನ ಕಣ್ಣು ಕ್ಯಾಮೆರಾದ ವ್ಯೂಫೈಂಡರಿನಲ್ಲಿ, ವ್ಯೂಫೈಂಡರ್ ತುಂಬ ಗೂಡು. ಗಂಡು ಇದೆ ಅನ್ನೋದೇ ಮರೆತುಹೋಗಿತ್ತು.

ಮೂರು ದಿನ ಬೆಳಿಗ್ಗೆ ಐದೂವರೆಯಿಂದ ಹನ್ನೊಂದೂವರೆವರೆಗೆ ಕೂತೆ. ಹೆಣ್ಣು ಗಂಟೆಗಟ್ಟಲೆ ಸಣ್ಣ ದನಿಯಲ್ಲಿ ಕೂಗುತ್ತಲೇ ಇತ್ತು. "ತುಂಬಾ ಚೆನ್ನಾಗಿ ಕೂಗುತ್ತಿದೆ" ಅಂತ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ, ಈಗಲೂ ಆ ಪುಟ ಇದೆ. ಅದು ಹಸಿವಿನ ಕೂಗು, ಗಂಡನ್ನು ಮೀನು ತಾ ಅಂತ ಕರೆಯುವ ಕೂಗು. ಹಿಂದಿನ ವರ್ಷ ನೂರು ಸಲ ಕೇಳಿದ್ದೆ, ಆದರೂ ಗೊತ್ತಾಗಲಿಲ್ಲ. ನಾಲ್ಕನೇ ದಿನ ಗೂಡಿನ ಅಂಚಿನಲ್ಲಿ ಮೂರರ ಬದಲು ಎರಡೇ ತಲೆ.

ಚಳಿಗಾಲದಲ್ಲಿ ಫೋಟೋಗಳನ್ನು ವಿಂಗಡಿಸುತ್ತಾ ಕೂತಿದ್ದೆ. ಹೆಣ್ಣಿನ ಬೆನ್ನ ಹಿಂದೆ, ತುಂಬಾ ದೂರದಲ್ಲಿ, ಒಂದು ಬೋಳು ಮರದಲ್ಲಿ ಒಂದು ಚುಕ್ಕೆ ಕಂಡಿತು. ದೊಡ್ಡದು ಮಾಡಿ ನೋಡಿದೆ. ಗಂಡು. ಕಾಲಿನಡಿ ಮೀನು, ಬಾಲ ಕೆಳಗೆ ಜೋತು ಬಿದ್ದಿದೆ. ಫೋಟೋ ತೆಗೆದ ಹೊತ್ತು 7:12. ಮುಂದಿನದು ತೆರೆದೆ, 7:50, ಅಲ್ಲೇ ಇದೆ. 8:35, ಅಲ್ಲೇ. 10:20, ಅಲ್ಲೇ, ಅದೇ ಮೀನು. ಮೂರೂ ದಿನದ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಮೂರೂ ದಿನ ನಾನು ಅಲ್ಲಿರುವಷ್ಟು ಹೊತ್ತು ಗೂಡಿಗೆ ಒಂದು ಮೀನೂ ಬಂದಿರಲಿಲ್ಲ. ಬೇಟೆ ಸಿಕ್ಕಿತ್ತು. ಹಿಡಿದ ಮೀನು ಇಟ್ಟುಕೊಂಡು ನಾನು ಎದ್ದು ಹೋಗಲಿ ಅಂತ ಕಾಯುತ್ತಿತ್ತು.

ಗೊತ್ತಿದ್ದವರು ಸಮಾಧಾನ ಮಾಡಿದರು. ಮೊಟ್ಟೆಗಳು ಒಂದೇ ದಿನ ಒಡೆಯಲ್ಲ, ಮೊದಲ ಮರಿಗೂ ಕೊನೆಯದಕ್ಕೂ ನಾಲ್ಕೈದು ದಿನ ಅಂತರ ಬರಬಹುದು, ದೊಡ್ಡವು ತಿಂದ ಮೇಲೆ ಉಳಿದರೆ ಚಿಕ್ಕದಕ್ಕೆ, ಮೂರನೆಯದು ಸಾಯೋದು ಹೊಸದೇನಲ್ಲ ಅಂದರು. ನಿಜ. ಆದರೆ ನನಗೆ ಆ ಮಾತು ಬೇರೆ ಥರ ಕೇಳಿಸಿತು. ಗೂಡಿಗೆ ಎಲ್ಲಿಂದ ಕೊರತೆ ಬಂದರೂ ಅದು ಮೊದಲು ತಟ್ಟೋದು ಚಿಕ್ಕ ಮರಿಗೆ. ಆ ವಾರದ ಕೊರತೆ ತಂದವನು ನಾನು.

ಅದಕ್ಕೇ "ಒಗ್ಗಿಕೊಂಡಿದೆ" ಅನ್ನುವ ಮಾತನ್ನು ಬಿಟ್ಟುಬಿಡಿ ಅಂತ ಕೇಳಿಕೊಳ್ಳುತ್ತೇನೆ. ರಸ್ತೆ ಪಕ್ಕದ ಕಂಬದ ಮೇಲೆ, ದೋಣಿ ಓಡಾಡುವ ಕಡೆ ಆಸ್ಪ್ರೇಗಳು ಆರಾಮವಾಗಿ ಮರಿ ಮಾಡುತ್ತವಲ್ಲ ಅಂತ ನೀವು ಕೇಳಬಹುದು. ಮಾಡುತ್ತವೆ. ಅಲ್ಲಿ ಗದ್ದಲ ಮೊದಲೇ ಇತ್ತು, ಅದನ್ನು ನೋಡಿಯೇ ಜಾಗ ಆರಿಸಿಕೊಂಡವು. ನಿಮ್ಮ ಜೋಡಿ ಗೂಡು ಕಟ್ಟಿದಾಗ ನೀವು ಅಲ್ಲಿರಲಿಲ್ಲ. ಎರಡೂ ಒಂದೇ ಅಲ್ಲ, ಅಲ್ವಾ?

ಎಷ್ಟು ಮೀಟರ್ ಅಂತ ಸಂಖ್ಯೆ ನಾನು ಕೊಡಲ್ಲ. ಗಂಡಿನ ಮೀನನ್ನೇ ಅಳತೆ ಮಾಡಿಕೊಳ್ಳಿ. ಒಂದು ವಾರ ತುಂಬಾ ದೂರದಿಂದ ಮೀನು ಬಂದ ಹೊತ್ತು ಬರೆದುಕೊಳ್ಳಿ. ಆಮೇಲೆ ನೀವು ಎಲ್ಲಿ ಕೂತರೂ ಆ ಹೊತ್ತು ಏರುಪೇರಾದರೆ ಹಿಂದೆ ಹೋಗಿ. ಮೊಟ್ಟೆ ಇರುವಾಗ, ಮರಿ ಸಣ್ಣದಿರುವಾಗ ಹತ್ತಿರಕ್ಕೆ ಜಾಗ ಬದಲಿಸಲೇಬೇಡಿ. ಕೊನೆಯ ದಿನಗಳೂ ಅಷ್ಟೇ ಸೂಕ್ಷ್ಮ. ಮರಿ ಹಾರೋದು ಏಳೆಂಟು ವಾರಕ್ಕೆ. ಅದಕ್ಕೆ ಸ್ವಲ್ಪ ಮುಂಚೆ ಗಾಬರಿಯಾದರೆ ರೆಕ್ಕೆ ಬಲಿಯುವ ಮೊದಲೇ ಧುಮುಕಿಬಿಡುತ್ತದೆ. ಬ್ರಿಟನ್ನಿನಂಥ ಕಡೆ ಅನುಮತಿ ಇಲ್ಲದೆ ಈ ಹಕ್ಕಿಯನ್ನು ಗೂಡಿನಲ್ಲಿ ಕೆಣಕೋದು ಅಪರಾಧ. ನೀವಿರುವ ಕಡೆಯ ನಿಯಮ ಮೊದಲು ವಿಚಾರಿಸಿ.

ಗೂಡಿನ ಜಾಗವನ್ನು ಯಾರಿಗೂ ಹೇಳಬೇಡಿ, ಫೋಟೋದಲ್ಲಿ ಲೊಕೇಶನ್ ಇದ್ದರೆ ಅಳಿಸಿ. ಸ್ಕಾಟ್ಲೆಂಡಿನಲ್ಲಿ ಮೊಟ್ಟೆ ಕದಿಯುವವರು, ಬೇಟೆಯಾಡುವವರು ಸೇರಿ ಆಸ್ಪ್ರೇ ಗೂಡುಗಳೇ ಇಲ್ಲದಂತೆ ಮಾಡಿದ್ದರು. 1950ರ ದಶಕದಲ್ಲಿ ಲಾಖ್ ಗಾರ್ಟನ್ ಸರೋವರದ ಹತ್ತಿರ ಒಂದು ಜೋಡಿ ಮತ್ತೆ ಬಂತು. 1958ರಲ್ಲಿ ಕಾವಲಿದ್ದರೂ ರಾತ್ರಿ ಮೊಟ್ಟೆ ಕದ್ದರು. 1959ರಲ್ಲಿ ಮೂರು ಮರಿ ಹಾರಿದವು. ಆ ವರ್ಷ ಸಾವಿರಾರು ಜನ ಬಂದು ನೋಡಿದ್ದಾರೆ, ದೂರದ ಹೈಡಿನಲ್ಲಿ ಕೂತು. ಹತ್ತಿರ ಹೋಗದೆ ನೋಡಬಹುದು ಅನ್ನೋದು ಅಷ್ಟು ಹಿಂದೆಯೇ ಗೊತ್ತಾಗಿತ್ತು.

ಇನ್ನು ಲೆನ್ಸ್. ಇರುವ 400 ಮಿ.ಮೀ. ಸಾಕು, ಯಾಕೆಂದರೆ ಗೂಡಿನ ಫೋಟೋ ನಿಮಗೆ ಬೇಕಾಗಿಲ್ಲ. ಮೂರನೇ ವರ್ಷ ನಾನು ಗೂಡು ಬಿಟ್ಟು ಗಂಡು ಮೀನು ಹಿಡಿಯುವ ಜಾಗ ಹುಡುಕಿದೆ. ಗೂಡಿನಿಂದ ಮುಕ್ಕಾಲು ಕಿಲೋಮೀಟರ್ ಆಚೆ, ನೀರು ಆಳವಿಲ್ಲದ ಕಡೆ. ಅಲ್ಲಿ ಪೊದೆಯ ಮರೆಯಲ್ಲಿ ಸುಮ್ನೆ ಕೂತೆ. ಆ ಜಾಗದ ಮೇಲೆ ಅದು ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತಿತ್ತು. ಕಾಲು ಮುಂದೆ ಮಾಡಿ ನೀರಿಗೆ ಬಿತ್ತು. ಎದ್ದು, ಹಾರುತ್ತಲೇ ನಾಯಿ ಮೈ ಕೊಡವಿದ ಹಾಗೆ ನೀರು ಕೊಡವಿತು. ಅಡ್ಡ ಹಿಡಿದಿದ್ದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡಿತು. ನನ್ನಿಂದ 30 ಮೀಟರ್ ಇರಬಹುದು. ಕಾಲಿನ ಹೊರಗಿನ ಬೆರಳು ಹಿಂದಕ್ಕೆ ತಿರುಗಿ ಎರಡು ಮುಂದೆ, ಎರಡು ಹಿಂದೆ ಮೀನನ್ನು ಕಚ್ಚಿ ಹಿಡಿದದ್ದು ಫೋಟೋದಲ್ಲಿ ಎಣಿಸುವಷ್ಟು ಸ್ಪಷ್ಟ. ಅಷ್ಟು ಹತ್ತಿರ ಬಂದದ್ದು ಅದು, ನಾನಲ್ಲ.

ಆ ವರ್ಷ ಬಿರುಗಾಳಿಗೆ ಗೂಡೇ ಅರ್ಧ ಬಿತ್ತು, ಮೊಟ್ಟೆ ಉಳಿಯಲಿಲ್ಲ. ನಾಲ್ಕನೇ ವರ್ಷ ಎರಡು ಮರಿ, ಕಳೆದ ವರ್ಷ ಮೂರು. ಹಕ್ಕಿಗಳು ವಲಸೆ ಹೋದ ಮೇಲೆ ದಡದಲ್ಲಿ ಬಿದ್ದಿರುವ ಗಾಳದ ದಾರ, ಪ್ಲಾಸ್ಟಿಕ್ ಹಗ್ಗ ಎಲ್ಲ ಆರಿಸುತ್ತೇನೆ. ಅವನ್ನು ಕಡ್ಡಿ ಜೊತೆ ಗೂಡಿಗೆ ಒಯ್ಯುತ್ತವೆ, ಮರಿಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಗೂಡಿನ ಹತ್ತಿರ ಹೈಡ್ ಹಾಕಿದ್ದರೆ ಇವತ್ತೇ ತೆಗೆಯಿರಿ. ತಣ್ಣನೆ ಬೆಳಿಗ್ಗೆ ಬೇಡ, ಸುಡುವ ಮಧ್ಯಾಹ್ನವೂ ಬೇಡ, ಮಳೆ ಇದ್ದರಂತೂ ಬೇಡ. ಗಂಡು ಮೀನು ಕೊಟ್ಟು ಹೋದ ಮೇಲೆ ಐದು ನಿಮಿಷದಲ್ಲಿ ಮುಗಿಸಿ. ಅದಾದ ಮೇಲೆ ನೀವು ತೆಗೆದ ಫೋಟೋಗಳ ಹಿನ್ನೆಲೆಯನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ. ಗಂಡು ಕಂಡರೆ ಕಾಲಿನಡಿ ಏನಿದೆ, ಗಂಟೆ ಎಷ್ಟು ಅಂತ ನನಗೆ ಬರೆಯಿರಿ.