ಉಡುಪಿ ಕಡೆಯ ಹಳ್ಳಿಗಳಲ್ಲಿ ವಾಲಿಬಾಲ್ ನೆಟ್ ಕಟ್ಟಿಕೊಟ್ಟರೂ ಮಕ್ಕಳು ವಾರದಲ್ಲೇ ಬರುವುದು ನಿಲ್ಲಿಸುತ್ತಾರಲ್ಲ, ಯಾಕೆ?

ಅವರಿಗೆ ಚೆಂಡೇ ಸಿಗುವುದಿಲ್ಲ, ಅದಕ್ಕೆ. ನಾವು ಕಟ್ಟುವುದು ದೊಡ್ಡ ಗಂಡಸರ ಅಳತೆ: ನೆಟ್ 2.43 ಮೀಟರ್ ಎತ್ತರ, ಅಂಕಣ 18×9 ಮೀಟರ್. ಹನ್ನೆರಡು ವರ್ಷದವರ ಸರ್ವ್ ನೆಟ್ ದಾಟುವುದೇ ಕಷ್ಟ. ದಾಟಿದರೂ ಕೈ ಪಳಗಿದ ಇಬ್ಬರು ಆಡುತ್ತಾರೆ, ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ನಿಂತಲ್ಲಿ ಮೈ ಬೆವರುವುದು ಸೆಕೆಗೆ ಮಾತ್ರ!

ನೆಟ್ಟನ್ನು ಎರಡು ಮೀಟರಿಗೆ ಇಳಿಸಿ, ಅಂಕಣ 12×6 ಮಾಡಿ, ತಂಡಕ್ಕೆ ಮೂವರನ್ನಷ್ಟೇ ಇಳಿಸಿ. ಆಗ ಪ್ರತಿಯೊಬ್ಬರೂ ಚೆಂಡಿಗಾಗಿ ಓಡಲೇಬೇಕು. ಹಗುರವಾದ ಚೆಂಡಾದರೆ ಮೊಣಕೈ ಕೆಳಗೆ ಉರಿಯುವುದಿಲ್ಲ. ಹೊಸಬರು ಬಿಟ್ಟುಹೋಗಲು ಆ ಉರಿಯೂ ಒಂದು ಕಾರಣ.

ಕೊಯ್ಲಾದ ಗದ್ದೆ ಸಾಕು, ಕಂಬಕ್ಕೆ ಅಡಿಕೆ ಮರ. ಆದರೆ ಕೂಳೆಯನ್ನು ಬುಡಸಮೇತ ಕಿತ್ತು, ನೀರು ಚಿಮುಕಿಸಿ ನೆಲ ಬಡಿಯಿರಿ. ಮೇಲಿಂದ ಸವರಿದ ಕೂಳೆ ಬರಿಗಾಲಿಗೆ ಮೊಳೆಯ ಹಾಗೆ ಚುಚ್ಚುತ್ತದೆ.