ಬೆಟ್ಟ ಇಳಿದ ಎರಡು ದಿನಕ್ಕೆ ತೊಡೆ ಯಾಕೆ ಹಿಡಿದುಕೊಳ್ಳುತ್ತದೆ?

ಭಾನುವಾರ ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಇಳಿದೆ, ಅವತ್ತು ಏನೂ ಆಗಲಿಲ್ಲ, ಮಂಗಳವಾರ ಕೂತರೆ ಏಳೋಕಾಗ್ತಿಲ್ಲ, ಇದು ಲ್ಯಾಕ್ಟಿಕ್ ಆಸಿಡ್ಡಾ (ಜೋರಾಗಿ ದುಡಿಯುವಾಗ ಸ್ನಾಯುವಿನಲ್ಲಿ ಹುಟ್ಟುವ ಆಮ್ಲ) ಅಂತ ಕೇಳಿದ್ದೀರಿ. ಅಲ್ಲ. ಈ ನೋವು ಬಂದಿದ್ದು ಹೆಚ್ಚಾಗಿ ನೀವು ಇಳಿದದ್ದರಿಂದ.

ನಾನು ಹಾಸನದಲ್ಲಿ ಪಿ.ಟಿ. ಮೇಷ್ಟ್ರು. ವರ್ಷಕ್ಕೊಮ್ಮೆ ಮಕ್ಕಳನ್ನು ಆ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಹತ್ತುವಾಗ ಎಲ್ಲರಿಗೂ ಏದುಸಿರು. ಇಳಿಯುವಾಗ ಹರಟೆ, ಓಟ. ಮೂರನೇ ದಿನ ಶಾಲೆಯಲ್ಲಿ ನೋಡಬೇಕು. ಮಹಡಿ ಹತ್ತುವಾಗ ಹೇಗೋ ಹತ್ತುತ್ತಾರೆ, ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಾರೆ.

ಬಾವಿಗೆ ಕೊಡ ಇಳಿಸಿದ್ದೀರಾ? ಹಗ್ಗ ಬಿಗಿಯಾಗಿ ಹಿಡಿದು, ಸ್ವಲ್ಪ ಸ್ವಲ್ಪವೇ ಬಿಡಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮಾಡುವುದೂ ಇದನ್ನೇ. ಮೈಭಾರ ತಡೆಯೋಕೆ ಬಿಗಿಯುತ್ತದೆ, ಮಂಡಿ ಮಡಚಿದ ಹಾಗೆ ಉದ್ದವೂ ಆಗುತ್ತದೆ. ಬಿಗಿದುಕೊಂಡೇ ಎಳೆಸಿಕೊಳ್ಳುವ ಈ ಕೆಲಸ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಕುಗಳನ್ನು ಮಾಡುತ್ತದೆ. ಅದನ್ನು ಸರಿಮಾಡೋಕೆ ದೇಹ ಹೊರಟಾಗ ಅಲ್ಲಿ ಸ್ವಲ್ಪ ಊತ ಬರುತ್ತದೆ, ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಹೊತ್ತು ಬೇಕಲ್ವಾ? ಅದಕ್ಕೇ ನೋವು 24ರಿಂದ 72 ಗಂಟೆ ಒಳಗೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ.

ಲ್ಯಾಕ್ಟಿಕ್ ಆಸಿಡ್ ಮಾತು ನಮ್ಮ ಮೈದಾನದಲ್ಲೂ ದಿನಾ ಕೇಳುತ್ತೇನೆ. ಯೋಚನೆ ಮಾಡಿ, ಅದು ಜಾಸ್ತಿ ಬರುವುದು ಏದುಸಿರು ಬಿಡುತ್ತಾ ಹತ್ತುವಾಗ. ಸುಮಾರು ಒಂದು ಗಂಟೆ ಸುಧಾರಿಸಿಕೊಂಡರೆ ರಕ್ತದಲ್ಲಿ ಅದು ಮೊದಲಿನ ಮಟ್ಟಕ್ಕೆ ಬರುತ್ತದೆ. ಮಂಗಳವಾರದವರೆಗೆ ಎಲ್ಲಿರುತ್ತದೆ?

ಹಾಗಂತ ಸುಮ್ನೆ ಮಲಗಬೇಡಿ. ನಿಧಾನವಾಗಿ ನಡೆದಾಡಿ, ಚೆನ್ನಾಗಿ ನಿದ್ದೆ ಮಾಡಿ. ಕಾಲು ಸಡಿಲವಾದ ಮೇಲೆ, ಎರಡು ಮೂರು ವಾರದೊಳಗೆ ಮತ್ತೆ ಅದೇ ಬೆಟ್ಟ ಹತ್ತಿ. ಒಂದೇ ಸಲದ ಇಳಿತದಿಂದ ಸ್ನಾಯು ಎಷ್ಟು ಗಟ್ಟಿಯಾಗಿರುತ್ತದೆ ಅಂದರೆ, ಎರಡನೇ ಸಲ ನೋವು ತುಂಬಾ ಕಡಿಮೆ. ನಮ್ಮ ಮಕ್ಕಳಲ್ಲಿ ಇದನ್ನು ನೋಡುವಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಒಂದು ವಿಷಯ ಮಾತ್ರ ಗಮನಿಸಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ತೊಡೆ ತುಂಬಾ ಊದಿಕೊಂಡರೆ, ಕಾಯಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ.